ಅಲೆ ಒಡೆದ ಎಣ್ಣೆ

ಮಾರ್ಚ್ 6, ಬೆಳಿಗ್ಗೆ

ಲ್ಯಾಬಿನಲ್ಲಿ ಅಲೆ ಎಬ್ಬಿಸುವ ಗಾಜಿನ ತೊಟ್ಟಿಯನ್ನು ಮತ್ತೆ ತೊಳೆದದ್ದಾಯಿತು. ಗಾಜಿಗೆ ಅಂಟಿದ ಎಣ್ಣೆ ಉಜ್ಜಿ ಉಜ್ಜಿ ಭುಜ ಬಿದ್ದುಹೋಗಿದೆ. ನಿನ್ನೆಯ ಅಲೆ ಚೆನ್ನಾಗಿ ಮುರಿಯಿತು — ಬಿದ್ದ ಏಟಿಗೆ ಎಣ್ಣೆಯ ಪದರ ಚೂರುಚೂರು. ದೊಡ್ಡ ಹನಿಗಳು ಮೇಲೆ ಬಂದು ಮತ್ತೆ ಒಂದಾದವು. ಸಣ್ಣವು ಬರಲೇ ಇಲ್ಲ. ನೀರೊಳಗೆ ಮಂಜಿನ ಹಾಗೆ ನಿಂತುಬಿಟ್ಟವು. ಎಣ್ಣೆ ಒಡೆಯುವ ಕೆಮಿಕಲ್ ಬೆರೆಸಿದರೆ ಬಹುಪಾಲು ಎಣ್ಣೆ ಹೀಗೇ ಮಂಜು.

ಬಾಸ್ ಓಡಿಬಂದರು. ಹಡಗೊಂದು ಬಂಡೆಗೆ ಬಡಿದಿದೆಯಂತೆ.

ಅದೇ ದಿನ, ಸಂಜೆ

ಹಡಗಿನಿಂದ ಸೋರಿದ ಎಣ್ಣೆ ಹಕ್ಕಿಗಳ ದ್ವೀಪದತ್ತ ತೇಲುತ್ತಿದೆ. ಮರಿ ಮಾಡುವ ಕಾಲ.

"ಕೆಮಿಕಲ್ ಸಿಂಪಡಿಸೋದಾ, ಬೇಡ್ವಾ? ಸುತ್ತಿ ಬಳಸಿ ಮಾತಾಡ್ಬೇಡಿ ಮೇಡಂ," ಬಂದರಿನ ಅಧಿಕಾರಿ.

ಸಿಂಪಡಿಸಿದರೆ ಅಲೆಗಳು ಎಣ್ಣೆಯನ್ನು ನುಣ್ಣಗೆ ಒಡೆದು ನೀರಿಗೆ ಬೆರೆಸುತ್ತವೆ. ಹಕ್ಕಿಗಳು ಉಳಿಯುತ್ತವೆ. ಆದರೆ ಆ ನೀರು ಹರಿಯುವುದು ಕೊಲ್ಲಿಗೆ. ಅಲ್ಲಿ ನನ್ನ ತಮ್ಮ ಹಗ್ಗ ಇಳಿಬಿಟ್ಟು ಕಪ್ಪೆಚಿಪ್ಪು ಬೆಳೆಸುತ್ತಾನೆ. ನೀರು ಸೋಸಿ ಬದುಕುವ ಜೀವ ಅದು.

ತಮ್ಮನ ವಿಷಯ ಹೇಳಿದೆ. "ಅದ್ರಿಂದ ನಿಮ್ಮ ಅಭಿಪ್ರಾಯ ಬದಲಾಗತ್ತಾ?" ಅಂದರು ಅಧಿಕಾರಿ.

"ಇಲ್ಲ. ಸಿಂಪಡಿಸಿ."

ಮಾರ್ಚ್ 7

ಗಾಳಿ ಇಲ್ಲ. ಸಮುದ್ರ ತಟ್ಟೆಯ ಹಾಗೆ. ಅಲೆ ಏಳದೆ ಸಿಂಪಡಿಸಿ ಪ್ರಯೋಜನವಿಲ್ಲ. ದೋಣಿಗಳು ಕಾಯುತ್ತಿವೆ. ಕೂತಲ್ಲಿ ಕೂರಲಾಗುತ್ತಿಲ್ಲ. ಗಾಳಿ ಬರಲಿ... ಬಾರದೇ ಇರಲಿ...

ತಮ್ಮನಿಗೆ ಫೋನ್ ಮಾಡಿದೆ. "ಎಣ್ಣೆಗೆ ಕೆಮಿಕಲ್ ಸಿಂಪಡಿಸ್ತಾರೆ, ಆದಷ್ಟು ಹಗ್ಗ ಎತ್ತಿಬಿಡೋ."

"ಇನ್ನೂ ಬೆರಳುದ್ದ ಆಗಿಲ್ಲ ಅಕ್ಕ, ಯಾರು ಕೊಳ್ತಾರೆ? ಯಾವ ಪುಣ್ಯಾತ್ಮನ ತಲೇಲಿ ಹೊಳೀತು ಇದು?"

"ನನ್ನ ತಲೇಲೇ."

"ಸರಿ ಬಿಡು. ಇನ್ಮೇಲೆ ಹಕ್ಕಿಗಳಿಗೇ ಅಕ್ಕ ನೀನು."

ಫೋನ್ ಕಟ್.

ಮಾರ್ಚ್ 9, ಮಧ್ಯಾಹ್ನ

ಗಾಳಿ ಎದ್ದಿತು. ಸಿಂಪಡಿಸಿದರು. ಉದ್ದಕ್ಕೂ ಬಿಳಿ ನೊರೆ, ಅಲೆಯ ಮೇಲೆ ಅಲೆ ಮುರಿಯುತ್ತಿದೆ. ವಿಮಾನದಿಂದ ತೆಗೆದ ಫೋಟೋದಲ್ಲಿ ಕಪ್ಪು ಬಣ್ಣವೇ ಇಲ್ಲ. ಎಲ್ಲರದೂ ಚಪ್ಪಾಳೆ.

"ಮಾಯ!" ಅಂದರು ಬಾಸ್.

"ಮಾಯ ಆಗಿಲ್ಲ ಸರ್. ಕೆಳಗಿದೆ." ಯಾರ ಕಿವಿಗೂ ಬೀಳಲಿಲ್ಲ.

ಮಾರ್ಚ್ 24

ದ್ವೀಪದಲ್ಲಿ ಮರಿಗಳು ಬಾಯಿ ತೆರೆದು ಕೂಗುವ ವಿಡಿಯೋ ಬಂತು. ಕೊಲ್ಲಿಯ ಪರೀಕ್ಷೆಯೂ ಬಂತು — ಚಿಪ್ಪಿನಲ್ಲಿ ಎಣ್ಣೆ. ಮಾರಾಟ ಬಂದ್.

ತಮ್ಮನ ಹೆಂಡತಿ ಫೋನ್ ಮಾಡಿದ್ದಳು. "ಅವ್ರು ಸರಿಯಾಗಿ ಊಟಾನೇ ಮಾಡ್ತಿಲ್ಲ ಅತ್ತಿಗೆ."

ಮಾರ್ಚ್ 26

ತಮ್ಮ ಲ್ಯಾಬಿಗೇ ಬಂದ. ಮುಖ ನೋಡಲಿಲ್ಲ. "ಏನ್ ಮಾಡ್ದೆ ಅಂತ ತೋರ್ಸು."

ತೊಟ್ಟಿಗೆ ಎಣ್ಣೆ, ಕೆಮಿಕಲ್ ಹಾಕಿ ಅಲೆ ಬಿಟ್ಟೆ. ಮುರಿಯಿತು. ಹನಿಗಳು ಕೆಳಗೆ ಹರಡುವುದನ್ನು ಗಾಜಿಗೆ ಮೂಗು ತಾಗಿಸಿ ನೋಡಿದ.

"ಇದನ್ನಾ ಕುಡಿದದ್ದು ನನ್ನ ಚಿಪ್ಪು?"

"ಹ್ಞೂಂ."

"ವಾಪಸ್ ಬಿಡತ್ತಾ?"

"ನೀರು ತಿಳಿಯಾದ್ರೆ ನಿಧಾನಕ್ಕೆ ಬಿಡತ್ತೆ. ಎಷ್ಟು ದಿನ ಅಂತ ಗೊತ್ತಿಲ್ಲ ಕಣೋ."

"ಗೊತ್ತಿಲ್ದೇನೇ ಸಿಂಪಡಿಸಿ ಅಂತ ಹೇಳ್ದೆ."

ತೊಟ್ಟಿ ಖಾಲಿ ಮಾಡಲು ನಲ್ಲಿ ತಿರುಗಿಸಿದೆ. ಬಾಗಿಲ ಹತ್ತಿರ ನಿಂತು, ಬೆನ್ನು ತಿರುಗಿಸಿಯೇ ಅಂದ: "ಬಂದು ಹಗ್ಗ ಎತ್ತು. ನನ್ನ ಜೊತೆ."

ಏಪ್ರಿಲ್ 11, ದೋಣಿಯಲ್ಲಿ

ಮೊದಲ ಹಗ್ಗ ಎತ್ತಿದೆವು. ಸತ್ತವು ಬಾಯಿ ಬಿಟ್ಟಿವೆ. ಬದುಕಿದವೇ ಹೆಚ್ಚು, ಬಿಗಿಯಾಗಿ ಮುಚ್ಚಿಕೊಂಡಿವೆ. ತಮ್ಮ ಒಂದನ್ನು ಚಾಕುವಿನಿಂದ ತೆರೆದು ನನ್ನ ಮೂಗಿಗೆ ಹಿಡಿದ. ಎಣ್ಣೆಯ ವಾಸನೆ ಇನ್ನೂ ಇದೆ. ಸುಳ್ಳು ಹೇಳಲಾಗಲಿಲ್ಲ.

"ಇದೆ," ಅಂದೆ.

ಅವನೂ ಮೂಸಿದ. ಬೈಯಲಿಲ್ಲ. ಸತ್ತವನ್ನು ಕಿತ್ತು ಬುಟ್ಟಿಗೆ ಹಾಕಿದ, ಬದುಕಿದವನ್ನು ಹಾಗೇ ನೀರಿಗೆ ಇಳಿಬಿಟ್ಟ. "ಬರ್ದದ್ದು ಸಾಕು ಅಕ್ಕ. ಕೈ ಕೊಡು, ಇದು ಭಾರ ಇದೆ." ಎರಡನೆಯ ಹಗ್ಗ—