ಭಾವನಿಗಾಗಿ ದಪ್ಪ ಬಿಟ್ಟ ಬಿಲ್ಲು

ಫೆಬ್ರವರಿ ೧೧, ಬುಧವಾರ

ಭಾವನ ನಗು ಇನ್ನೂ ಕಿವಿಯಲ್ಲಿದೆ. ಎದುರಿಗೆ "ನೀವು" ಅನ್ನುತ್ತೇನೆ, ಇಲ್ಲಿ ಅವನು ಅವನೇ. ಹೋದ ಭಾನುವಾರ ನಾನು ತಿಂಗಳುಗಟ್ಟಲೆ ಕೆತ್ತಿದ ಬೇಟೆಯ ಬಿಲ್ಲನ್ನು ಗೋಡೆಯಿಂದ ತೆಗೆದು, ಬಾಣವಿಡದೆ ಹೆದೆ ಎಳೆದು ಬಿಟ್ಟ. ಬಾಣಕ್ಕೆ ಹೋಗಬೇಕಾದ ಬಲವೆಲ್ಲ ಮರಕ್ಕೇ ಬಡಿದು ಬಿಲ್ಲು ಎರಡು ತುಂಡಾಯಿತು.

"ಏನಪ್ಪಾ ಕವಿ, ಪೊರಕೆಕಡ್ಡೀಲಿ ಮಾಡಿದ್ಯಾ?" ಎಂದ. ನಾನು ಪದ್ಯ ಬರೆಯುವುದೂ ಅವನಿಗೆ ತಮಾಷೆಯೇ. ಅಕ್ಕನೂ ನಕ್ಕಳು. ನೋವಾದದ್ದು ಅದಕ್ಕೇ.

ಇವತ್ತು, ಮೊದಲೇ ಒರಟಾಗಿ ಕೆತ್ತಿಟ್ಟಿದ್ದ ಇನ್ನೊಂದು ಬಿಲ್ಲಿನ ಒಳಮೈ ಹೆರೆದೆ. ಹೆರೆದಷ್ಟೂ ಬಿಲ್ಲು ಸಲೀಸಾಗಿ ಬಾಗುತ್ತದೆ. ಅದಕ್ಕೇ ಬೇಕೆಂದೇ ಅರ್ಧಕ್ಕೆ ನಿಲ್ಲಿಸಿದೆ. ಈ ಭಾನುವಾರ ಎಲ್ಲರೆದುರು ಬಾಣವನ್ನೂ ನಾನೇ ಅವನ ಕೈಗಿಡುತ್ತೇನೆ. ಎಳೆಯಲಿ. ಮುಖ ಕೆಂಪೇರಲಿ, ತೋಳು ನಡುಗಲಿ, ಹೆದೆ ಗೇಣುದ್ದವೂ ಬರದಿರಲಿ.

ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ನಿನ್ನ ಕೈಲಾದ್ರೂ ಆಗುತ್ತೇನೋ ಅದನ್ನ ಎಳೆಯೋಕೆ?"

"ಇಲ್ಲಮ್ಮ."

"ಮತ್ತೆ ಭಾವ ನಿನ್ನ ಕೈಗೇ ಕೊಟ್ಟು, ನೀನು ಎಳಿ ನೋಡೋಣ ಅಂದ್ರೆ?"

ಇದು ನನಗೆ ಹೊಳೆದೇ ಇರಲಿಲ್ಲ. ಸಂಜೆಯಿಂದ ಅದೇ ಕೊರೆಯುತ್ತಿದೆ. ನನಗೆ ತಕ್ಕಷ್ಟು ಹೆರೆದರೆ ಅವನೂ ಎಳೆದುಬಿಡುತ್ತಾನೆ. ಇಲ್ಲ, ಹೆರೆಯುವುದಿಲ್ಲ. ನಗೆಪಾಟಲಾದರೆ ಇಬ್ಬರೂ ಆಗೋಣ. ಆದರೆ ಮೊದಲು ಅವನು, ಅಕ್ಕ ನೋಡುತ್ತಿರುವಾಗ.