ಆ ವಾರ ಡೆಲ್ಬರ್ಟ್ ಎಲ್ಲಿದ್ದ?

ಡಿಕಿನ್ಸನ್, ಟೆಕ್ಸಸ್
೯ ಅಕ್ಟೋಬರ್ ೨೦೧೪, ಗುರುವಾರ

ಪ್ರೀತಿಯ ಹಾರ್ಲನ್‌ಗೆ,

‘ಪ್ರೀತಿಯ’ ಎಂದು ಅಭ್ಯಾಸಬಲದಿಂದ ಬರೆದಿದ್ದೇನೆ. ಅದಕ್ಕೆ ದಾಖಲೆ ಏನಿದೆ ಎಂದು ಕೇಳಬೇಡ.

ನಿನ್ನ ಮೂರನೇ ಪತ್ರವೂ ಬಂತು. ಹನ್ನೊಂದು ಮೈಲಿ ಆಚೆಯ ನಮ್ಮ ಮನೆಯಿಂದ ಅಂಚೆಯಲ್ಲಿ ಕಳಿಸಿದ್ದೀಯ. ನಾನು ಫೋನ್ ಎತ್ತದಿದ್ದರೆ ನೀನಾದರೂ ಏನು ಮಾಡುತ್ತೀಯ, ಪಾಪ. ಪತ್ರ ಒಂದು ಪುಟ, ಲಗತ್ತು ಏಳು ಪುಟ. ಮೇಲೆ ನಮೂದಿಸಿದ ಸಮಯ ಗ್ರೀನಿಚ್‌ನದು. ಅಡುಗೆಮನೆಯಲ್ಲಿ ಕೂತು ಹೆಂಡತಿಗೆ ಕಾಗದ ಬರೆಯುವುದಕ್ಕೂ ಗ್ರೀನಿಚ್ ಸಮಯ ಬೇಕೇನಪ್ಪಾ ಮಹಾರಾಯ?

ನಾನು ತಮ್ಮ ಡೆಲ್ಬರ್ಟ್‌ನ ಹೆಂಡತಿ ಓಪಲ್ ಮನೆಗೆ ಬಂದು ಇವತ್ತಿಗೆ ಹನ್ನೆರಡು ದಿನ. ನೀನು ಬಂದು ಅವಳ ಕ್ಷಮೆ ಕೇಳುವವರೆಗೆ ಮನೆಗೆ ಕಾಲಿಡುವುದಿಲ್ಲ ಎಂದಿದ್ದೆ. ನೀನು ಬರಲಿಲ್ಲ, ಅವಳ ಹೆಸರಿಗೆ ಕ್ಷಮಾಪತ್ರ ಕಳಿಸಿದೆ. “ನಿನಗಾದ ನೋವಿಗೆ ವಿಷಾದವಿದೆ. ವಿವರಕ್ಕೆ ಎರಡನೇ ಲಗತ್ತು ನೋಡು.” ಗಂಡನನ್ನು ಮಣ್ಣು ಮಾಡಿ ಎರಡು ವಾರವೂ ಆಗದವಳ ಕೈಗೆ ಹಡಗಿನ ನಾವಿಕರ ಪಟ್ಟಿ ಕೊಟ್ಟಿದ್ದೀಯ, ಅದರಲ್ಲಿ ಡೆಲ್ಬರ್ಟ್ ಹೆಸರಿಲ್ಲ ಎಂದು ತೋರಿಸುವುದಕ್ಕೆ. ಇಲ್ಲದ ಹೆಸರಿನ ಕೆಳಗೆ ಗೆರೆ ಎಳೆಯುವುದು ಹೇಗೆ? ಅದಕ್ಕೇ ಅದು ಇರಬೇಕಾಗಿದ್ದ ಜಾಗಕ್ಕೆ ಕೆಂಪು ಶಾಯಿಯಲ್ಲಿ ಬಾಣ ಹಾಕಿದ್ದೀಯ. ಓಪಲ್ ಅದನ್ನು ನೋಡಿ ಅಳಬೇಕೋ ನಗಬೇಕೋ ತಿಳಿಯದೆ ನನ್ನ ಮುಖ ನೋಡಿದಳು.

ನಿನ್ನ ತಿದ್ದುವ ಚಾಳಿ ನನಗೇನು ಹೊಸದಲ್ಲ. ಚಂದ್ರಯಾನದ ನಿಯಂತ್ರಣ ಕೇಂದ್ರದಿಂದ ನಿವೃತ್ತರಾದ ನೀವು ಎಂಟು ಮುದುಕರು ಪ್ರತಿ ಶನಿವಾರ ಬೇಕರಿಯಲ್ಲಿ ಕೊಲಾಚೆ ಬನ್ನು ತಿನ್ನುತ್ತಾ, ಬಾಹ್ಯಾಕಾಶಕ್ಕೆ ಕದ್ದು ಒಯ್ದ ಸ್ಯಾಂಡ್‌ವಿಚ್ಚಿನಲ್ಲಿ ಯಾವ ಮಾಂಸವಿತ್ತು, ಚಂದ್ರನ ಮೇಲೆ ಹೊಡೆದ ಗಾಲ್ಫ್ ಚೆಂಡು ಎರಡೋ ಮೂರೋ ಎಂದು ಮೇಜು ಗುದ್ದುವುದನ್ನು ಎಷ್ಟು ಕಾಲದಿಂದ ನೋಡುತ್ತಿದ್ದೇನೆ! ನಿಮ್ಮ ನಿವೃತ್ತರ ಸಂಘದ ಕೇಕಿನ ಮೇಲೆ ‘ಜುಲೈ ೨೦’ ಎಂದು ಬರೆಸಿದ್ದಕ್ಕೆ, ಗ್ರೀನಿಚ್ ಪ್ರಕಾರ ಚಂದ್ರನ ಮೇಲೆ ಕಾಲಿಟ್ಟದ್ದು ೨೧ರಂದು ಎಂದು ಚಾಕುವಿನಿಂದ ಸೊನ್ನೆ ಕೆರೆದವನು ನೀನು. ಆಗ ಡೆಲ್ಬರ್ಟ್, “ಬಿಡೋ ಭಾವ, ಹೊಟ್ಟೆಗೆ ಹೋದ್ಮೇಲೆ ಇಪ್ಪತ್ತಾದ್ರೇನು, ಇಪ್ಪತ್ತೊಂದಾದ್ರೇನು” ಎಂದು ದೊಡ್ಡ ತುಂಡನ್ನೇ ತಟ್ಟೆಗೆ ಹಾಕಿಕೊಂಡಿದ್ದ. ನಾನೂ ನಕ್ಕಿದ್ದೆ.

ಆದರೆ ಚರ್ಚಿನಲ್ಲಿ, ಶವಪೆಟ್ಟಿಗೆಯ ಮುಂದೆ? ವೇಡ್ ಅಪ್ಪನ ಬಗ್ಗೆ ನಾಲ್ಕು ಮಾತು ಬರೆದುಕೊಂಡು ನಿಂತಿದ್ದ. “ಚಂದ್ರನಿಂದ ಬಂದೋರನ್ನ ಸಮುದ್ರದಿಂದ ಎತ್ತಿದ ಹಡಗಲ್ಲಿ ನಮ್ಮಪ್ಪ ಇದ್ರು” ಅಂದ. ನನ್ನ ಪಕ್ಕದಿಂದ ನೀನು ಎದ್ದೆ. ಟೈ ಬೇರೆ ಸರಿಮಾಡಿಕೊಂಡೆ. “ಒಂದ್ ಸಣ್ಣ ತಿದ್ದುಪಡಿ, ಮಗಾ. ಆ ಯಾತ್ರೆ ಹೊತ್ತಿಗೆ ನಿಮ್ಮಪ್ಪ ಹಡಗಲ್ಲಿರಲಿಲ್ಲ. ಮೊನ್ನೆ ಪಟ್ಟಿ ತರಿಸಿ ನೋಡ್ದೆ.” ನಾನು ಹರಿಯುವ ಹಾಗೆ ನಿನ್ನ ಕೋಟು ಎಳೆದೆ. ನೀನು ಪುಟದ ಸಂಖ್ಯೆ ಹೇಳಿಯೇ ಕೂತೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ.

ಅದರಿಂದ ಏನಾಗಿದೆ ಕೇಳು. ಸಮಾಧಿ ಕಲ್ಲಿನಿಂದ ಹಡಗಿನ ಸಾಲು ತೆಗೆಯಿರಿ ಎಂದು ವೇಡ್ ಕಲ್ಲು ಕೆತ್ತುವವರಿಗೆ ಫೋನ್ ಮಾಡಿದ್ದಾನೆ. ನಿನ್ನೆ ಊಟಕ್ಕೆ ಕೂತವನು ತಟ್ಟೆ ಮುಟ್ಟಲಿಲ್ಲ. “ಅತ್ತೆ, ಇದೇ ಸುಳ್ಳಾದ್ರೆ ಅಪ್ಪ ನಂಗೆ ಹೇಳಿದ್ರಲ್ಲಿ ನಿಜ ಯಾವ್ದು?” ಅಂದ. ನಲವತ್ತು ವರ್ಷದ ಗಂಡಸು, ಮುಖ ಮಾತ್ರ ಶಾಲೆಯಲ್ಲಿ ಏಟು ತಿಂದು ಬಂದವನದು. ಭಾನುವಾರ ಅವನು ಟಲ್ಸಾಕ್ಕೆ ಹೊರಡುತ್ತಾನೆ. ಅಪ್ಪ ಸುಳ್ಳುಗಾರ ಎಂದುಕೊಂಡೇ ಹೊರಟರೆ ಮತ್ತೆ ಈ ಕಡೆ ತಲೆ ಹಾಕುವುದಿಲ್ಲ. ನಮಗೆ ಮಕ್ಕಳಿಲ್ಲ ಹಾರ್ಲನ್. ಇರುವವನು ಅವನೊಬ್ಬ.

ಆದ್ದರಿಂದ ಕೊನೆಯ ಸಲ ಹೇಳುತ್ತೇನೆ. ಭಾನುವಾರದೊಳಗೆ ಇಲ್ಲಿಗೆ ಬಾ. ಪಟ್ಟಿ ಪೂರ್ತಿ ಇರಲಿಲ್ಲ, ನಾನೇ ತಪ್ಪು ನೋಡಿದೆ ಎಂದು ವೇಡ್‌ಗೆ ಹೇಳು. ಹೌದು, ಅದು ಸುಳ್ಳು. ಜೀವಮಾನದಲ್ಲಿ ಒಂದು ಸುಳ್ಳು ಹೇಳಿದರೆ ನಿನ್ನ ನಾಲಿಗೆ ಬಿದ್ದುಹೋಗುವುದಿಲ್ಲ. ‘ಚರಿತ್ರೆಗೆ ದ್ರೋಹ ಮಾಡಲಾರೆ’ ಎಂದು ಬರೆದಿದ್ದೀಯ. ಅದರ ಕೆಳಗೆ ‘ಹಾಗಾದರೆ ಆ ವಾರ ಡೆಲ್ಬರ್ಟ್ ಎಲ್ಲಿದ್ದ?’ ಎಂದು ಕೇಳಿ ಎರಡು ಗೆರೆ ಎಳೆದಿದ್ದೀಯ. ಎಲ್ಲಿದ್ದರೆ ನಿನಗೇನು? ಯಾವುದೋ ಬಾರಿನಲ್ಲಿ ಕುಡಿದು ಬಿದ್ದಿದ್ದ, ಹಡಗು ತಪ್ಪಿತು ಅಂದುಕೋ. ಇಪ್ಪತ್ತೆರಡರ ಹುಡುಗ. ನನಗೆ ಗೊತ್ತಿಲ್ಲ. ಆ ಪ್ರಶ್ನೆಯನ್ನು ದಯವಿಟ್ಟು ಬಿಟ್ಟುಬಿಡು.

ಫ್ರಿಜ್ಜಿನಲ್ಲಿ ನಾನಿಟ್ಟುಬಂದ ಸೀಗಡಿ ಸಾರು ಇನ್ನೂ ಇದ್ದರೆ ಚೆಲ್ಲು. ತಿಂದು ಆಸ್ಪತ್ರೆ ಸೇರಿ ನನ್ನನ್ನು ಕರೆಸಿಕೊಳ್ಳುವ ಹುನ್ನಾರ ಬೇಡ.

ಸದ್ಯಕ್ಕೆ ನಿನ್ನ ಹೆಂಡತಿಯೇ ಆಗಿರುವ,
ವರ್ನಾ

ತಾ.ಕ. ಶುಕ್ರವಾರ ಬೆಳಿಗ್ಗೆ. ಪತ್ರವನ್ನು ಓಪಲ್‌ಗೆ ಓದಲು ಕೊಟ್ಟೆ. ಬಾರಿನ ಮಾತು ಬಂದಲ್ಲಿ ನಿಲ್ಲಿಸಿದಳು. “ಸತ್ತವರ ಮೇಲೆ ಇನ್ನೂ ಎಷ್ಟು ಹೊರಿಸ್ತೀಯಾ ವರ್ನಾ?” ಅಂದಳು. ಅವಳಿಗೆ ಮೊದಲಿನಿಂದ ಎಲ್ಲ ಗೊತ್ತು. ಈಗ ನೀನೂ ತಿಳಿದುಕೋ.

ಹಡಗು ಹವಾಯಿಯಿಂದ ಹೊರಡುವ ಹಿಂದಿನ ದಿನ ರೆಡ್ ಕ್ರಾಸ್‌ನವರು ಡೆಲ್ಬರ್ಟ್‌ಗೆ ಸುದ್ದಿ ಮುಟ್ಟಿಸಿದರು. ಅಕ್ಕನ ಜೀವಕ್ಕೆ ಅಪಾಯವಿದೆ ಎಂದು ನಮ್ಮಮ್ಮ ಕಳಿಸಿದ ಸುದ್ದಿ. ಏಳು ತಿಂಗಳಿಗೇ ಹೆರಿಗೆಯಾಗಿ ನಮ್ಮ ಮಗಳು ಹೋದ ವಾರ ಅದು. ಆಸ್ಪತ್ರೆಯಿಂದ ನಿನಗೂ ಫೋನ್ ಮಾಡಿಸಿದ್ದೆ. ಉಡಾವಣೆ ಹತ್ತಿರ ಬಂದಿದೆ, ಅಭ್ಯಾಸ ಮುಗಿಸಿ ಬರುತ್ತೇನೆ ಎಂದವನು ಮೂರನೇ ದಿನ ಬಂದೆ. ಪಕ್ಕದ ಮನೆಯಾಕೆ ಜೊತೆಗಿದ್ದಳು ಎಂದು ನಿನಗೆ ಹೇಳಿದೆ. ಅವಳು ಆಸ್ಪತ್ರೆಯ ಬಾಗಿಲಿಗೂ ಬಂದಿರಲಿಲ್ಲ. ನನ್ನ ಕೈ ಹಿಡಿದು ಕೂತಿದ್ದವನು ಡೆಲ್ಬರ್ಟ್. ಮಗುವಿನ ಪೆಟ್ಟಿಗೆಯನ್ನು ಗುಂಡಿಗೆ ಇಳಿಸಿ, ನೀನು ಬರುವ ಮೊದಲೇ ಹೊರಟವನೂ ಅವನೇ. ನಾಲ್ಕು ಸಾವಿರ ಮೈಲಿಯಿಂದ ತಮ್ಮ ಬಂದ, ಹನ್ನೆರಡು ಮೈಲಿಯಿಂದ ಗಂಡ ಬರಲಿಲ್ಲ ಎಂದು ಗೊತ್ತಾದರೆ ನೀನು ನನ್ನ ಮುಂದೆ ತಲೆಯೆತ್ತಲಾರೆ ಎಂದು ಹೆದರಿದೆ. ಹಡಗಿನಲ್ಲೇ ಇದ್ದೆ ಎಂದು ಹೇಳು ಅಂತ ಅವನನ್ನು ಬೇಡಿಕೊಂಡೆ. ಕಣ್ಣಿಂದ ನೋಡದ ದೃಶ್ಯವನ್ನು ಅವನು ನಿನ್ನೆದುರಿಗೆ ನಲವತ್ತೈದು ವರ್ಷ ವರ್ಣಿಸಿದ, ನಿನಗೋಸ್ಕರ.

ಸುಳ್ಳು ಹೇಳು ಎಂದು ಮೇಲೆ ಬರೆದದ್ದನ್ನು ಹೊಡೆದುಹಾಕು. ಈ ಪತ್ರವನ್ನು ಅಂಚೆಗೆ ಹಾಕದೆ ವೇಡ್ ಕೈಲಿ ಕಳಿಸುತ್ತಿದ್ದೇನೆ. ಅವನಿಗೆ ನಾನು ಏನೂ ಹೇಳಿಲ್ಲ, ಹಾರ್ಲನ್ ಮಾವನನ್ನೇ ಕೇಳು ಎಂದಿದ್ದೇನೆ. ನೀನು ಇದನ್ನು ಓದಿ ಮುಗಿಸುವವರೆಗೆ ಅವನು ನಿನ್ನೆದುರಿಗೆ ನಿಂತಿರುತ್ತಾನೆ. ಕೂರಿಸಿ, ಅವನಪ್ಪ ಎಲ್ಲಿದ್ದ ಎಂದು ನೀನೇ ಹೇಳು.