ಕೀಲಿಕೈಯನ್ನು ಅವ್ವನಿಗೆ ಕೊಟ್ಟೆವು

ಸುರೇಬಾನ
೧೩ ನವೆಂಬರ್ ೨೦೨೫, ಗುರುವಾರ

ಪ್ರೀತಿಯ ಪ್ರಜ್ಞಾ ಅಕ್ಕನಿಗೆ ತಂಗಿ ಭಾಗ್ಯಾಳ ಜೈಭೀಮ್.

ನಾವೆಲ್ಲ ಆರಾಮ ಇದ್ದೇವೆ ಎಂದು ಮೊದಲ ಸಾಲಿನಲ್ಲಿ ಬರೆಯಬೇಕಿತ್ತು. ಕೈ ಏಳಲಿಲ್ಲ. ಆ ಜಾಗವನ್ನು ಖಾಲಿ ಬಿಟ್ಟು ಮುಂದೆ ಬರೆಯುತ್ತಿದ್ದೇನೆ.

ಬಾಯಿಂದ ಹೇಳುವುದು ನನಗೆ ಆಗದ ಕೆಲಸ, ನಿನಗೆ ಗೊತ್ತು. ಮನೆಯಲ್ಲಿರುವುದು ಒಂದೇ ಫೋನ್, ನೀನು ಮಾತಾಡುವಾಗ ಅವ್ವ ಪಕ್ಕದಲ್ಲೇ ಕೂತಿರುತ್ತಾಳೆ. ಮೇಲಿನ ಓಣಿಯ ಶಿವಲಿಂಗ ರಜೆ ಮುಗಿಸಿ ಸೋಮವಾರ ನೀನಿರುವ ಮಸ್ಕತ್‌ಗೆ ಹೊರಟಿದ್ದಾನೆ. ಇದನ್ನು ಅವನ ಕೈಯಲ್ಲಿ ಕಳಿಸುತ್ತೇನೆ. ಐದನೆಯ ಇಯತ್ತೆಗೆ ಸಾಲೆ ಬಿಟ್ಟವಳ ಬರಹ. ತಪ್ಪಿದ್ದರೆ ತಿದ್ದಿಕೊಂಡು ಓದು.

ನಮ್ಮ ತಮ್ಮ ಕಾಂತೇಶ ಹೋದ ಮೇಲೆ ನೀನು ಕಳಿಸಿದ ವಾಯ್ಸ್ ಮೆಸೇಜ್ ನೆನಪಿದೆಯಲ್ಲ? ನಿನ್ನ ಜೊತೆ ಕೆಲಸ ಮಾಡುವ ಶ್ರೀಲಂಕಾದ ನಿಲ್ಮಿಣಿ ಅಕ್ಕ ಹೇಳಿದ್ದು. ಅವಳು ಅರ್ಧ ಹಿಂದಿ, ಅರ್ಧ ಕೈಸನ್ನೆಯಲ್ಲಿ ಹೇಳಿದ್ದನ್ನು ನೀನು ಕನ್ನಡ ಮಾಡಿ ಕಳಿಸಿದ್ದೆ. ಅವರ ದೇಶದಲ್ಲೂ ಹೊಲಕ್ಕೆ ಹೊಡೆಯುವ ಎಣ್ಣೆಯಿಂದ ಸಾಯುವವರು ಬಹಳ ಇದ್ದರಂತೆ, ಅವಳ ಅಣ್ಣನೂ ಹಾಗೆಯೇ ಹೋದನಂತೆ. ಬಹಳ ಕೆಟ್ಟ ಎಣ್ಣೆಗಳನ್ನು ಅಲ್ಲಿನ ಸರಕಾರ ಮಾರದಂತೆ ಮಾಡಿದ ಮೇಲೆ ಎಷ್ಟೋ ಜೀವ ಉಳಿದವಂತೆ. ಕೆಲವು ಊರಿನವರು ಮನೆಯಲ್ಲಿದ್ದದ್ದಕ್ಕೆ ಕೀಲಿ ಹಾಕುತ್ತಾರಂತೆ. ಯಾರ ಮೇಲಾದರೂ ಸಂಶಯ ಬಂದರೆ ನೇರವಾಗಿ ಕೇಳಬೇಕು, ಕೇಳಿದರೆ ಇಲ್ಲದ ವಿಚಾರ ಹುಟ್ಟುವುದಿಲ್ಲ, ಒಳಗಿದ್ದದ್ದು ಹೊರಗೆ ಬರುತ್ತದೆ ಎಂದಿದ್ದಳು. ನಾನು ಅದನ್ನು ರೊಟ್ಟಿ ಕೇಂದ್ರದಲ್ಲಿ ನನ್ನ ಜೊತೆ ರೊಟ್ಟಿ ಬಡಿಯುವ ಹೆಂಗಸರಿಗೆಲ್ಲ ಕೇಳಿಸಿದೆ. ಅವರು ತಮ್ಮ ತಮ್ಮ ಊರಿಗೆ ಕಳಿಸಿದರು. ತೊರಗಲ್ಲಿನಿಂದ ಒಬ್ಬಳು ಫೋನ್ ಮಾಡಿ ನಿನ್ನ ಅಕ್ಕನಿಗೆ ಪುಣ್ಯ ಬರಲಿ ಎಂದಳು. ಊರಿಗೆಲ್ಲ ಹಂಚಿದ ಮಾತು ನಮ್ಮ ಮನೆಯಲ್ಲೇ ಕೆಟ್ಟಿತು.

ಆಗ ನಮಗೆಲ್ಲ ಭೀಮಶಿ ಅಣ್ಣನದೇ ಚಿಂತೆ. ಅವನು ಕೂಲಿಗೆ ಎಣ್ಣೆ ಹೊಡೆಯುವವನು. ಬಾಟಲಿಗಳು ದುಂಡಪ್ಪ ಸಾಹುಕಾರರವು, ಹೊಲವೂ ಅವರದೇ. ಇಟ್ಟುಕೊಳ್ಳುವುದು ಮಾತ್ರ ನಮ್ಮ ಮನೆಯಲ್ಲಿ. "ನಾನ ತಂದಿಟ್ಟಿದ್ದೆ, ನಾನ ತಂದಿಟ್ಟಿದ್ದೆ" ಎಂದು ಅಣ್ಣ ಗೋಡೆಗೆ ತಲೆ ಬಡಿದುಕೊಳ್ಳುತ್ತಿದ್ದ. ಟ್ರಂಕಿನಲ್ಲಿಟ್ಟು ಕೀಲಿ ಹಾಕಿರಿ, ಕೀಲಿಕೈ ಅವನ ಹತ್ತಿರ ಇರಬಾರದು ಎಂದು ನೀನು ಹೇಳಿದೆ. ಅವ್ವನ ಕೈಗೆ ಕೊಡೋಣ ಎಂದವಳು ನಾನು. ಹೌದು, ಅವ್ವನ ಹತ್ತಿರ ಇದ್ದರೆ ನಿಶ್ಚಿಂತೆ ಎಂದೆ ನೀನು. ನಮ್ಮ ಕಡೆ ಮನೆಯ ಕೀಲಿಕೈ ಹಿರಿಯ ಹೆಂಗಸಿನ ಸೊಂಟದಲ್ಲೇ ಇರುವುದು. ಅಜ್ಜಿಯ ಸೊಂಟದಲ್ಲಿತ್ತು, ಆಮೇಲೆ ಅವ್ವನ ಸೊಂಟಕ್ಕೆ ಬಂತು. ಬೇರೆ ಯೋಚನೆ ಯಾರಿಗೂ ಬರಲಿಲ್ಲ.

ಅಣ್ಣ ಕೆಲಸಕ್ಕೆ ಹೊರಡುವಾಗ ಅವ್ವ ಟ್ರಂಕು ತೆಗೆದು ಬಾಟಲಿ ಕೊಡುತ್ತಾಳೆ. ಸಂಜೆ ಅವನು ಬಂದ ಮೇಲೆ ಇಸಿದುಕೊಂಡು ಒಳಗಿಡುತ್ತಾಳೆ. ಅಕ್ಕ, ಮಗನನ್ನು ತಿಂದದ್ದನ್ನು ದಿನಾಲೂ ಮುಂಜಾನೆ ಸಂಜೆ ಅವ್ವನ ಕೈಯಲ್ಲಿ ಹಿಡಿಸಿದವರು ನಾವು.

ಸೋಮವಾರ ರೊಟ್ಟಿ ಕೇಂದ್ರದಲ್ಲಿ ಗ್ಯಾಸ್ ಮುಗಿದು ಮಧ್ಯಾಹ್ನವೇ ಮನೆಗೆ ಬಂದೆ. ಅವ್ವ ಟ್ರಂಕಿನ ಮುಂದೆ ಕೂತಿದ್ದಳು. ಮುಚ್ಚಳ ತೆರೆದಿತ್ತು. ಒಲೆಯಲ್ಲಿ ಉರಿ ಹತ್ತುತ್ತದೋ ಇಲ್ಲವೋ ಎಂದು ನೋಡುತ್ತಾರಲ್ಲ, ಹಾಗೆ ನೋಡುತ್ತಿದ್ದಳು. ಏನ್ ಮಾಡಾಕತ್ತೀ ಅವ್ವಾ ಎಂದೆ. "ಧೂಳ ಬಿದ್ದಿತ್ತು, ಒರಸಾಕತ್ತೇನಿ" ಎಂದಳು. ಅವಳ ಕೈಯಲ್ಲಿ ಅರಿವೆ ಇರಲಿಲ್ಲ. ನಾನು ಒಳಗೆ ಹೋಗಿ ಚಹಾಕ್ಕೆ ಇಟ್ಟೆ. ಅಷ್ಟೇ ಮಾಡಿದ್ದು.

ಆಮೇಲೆ ಒಂದೊಂದೇ ಹೊಳೆಯತೊಡಗಿತು. ದಸರೆ ಮುಗಿದ ಮೇಲೆ ತನ್ನ ತಾಮ್ರದ ಕೊಡವನ್ನು ಪಕ್ಕದ ಮನೆಯ ಮುದಕವ್ವನಿಗೆ ಸುಮ್ಮನೆ ಕೊಟ್ಟಳು. ಮುನವಳ್ಳಿಗೆ ಹೋಗಿ ಚಿಗವ್ವನನ್ನು ನೋಡಿ ಅವತ್ತೇ ತಿರುಗಿ ಬಂದಳು. ನೀನು ವಿಡಿಯೋ ಕಾಲ್ ಮಾಡುವ ಹೊತ್ತಿಗೆ ತಲೆ ಬಾಚಿಕೊಂಡು, ಒಳ್ಳೆಯ ಸೆರಗು ಹೊದ್ದು ಕೂತಿರುತ್ತಾಳೆ, ನಗುತ್ತಾಳೆ. ಕಾಲ್ ಮುಗಿದ ಕೂಡಲೇ ಗೋಡೆಗೆ ಒರಗಿದರೆ ಕತ್ತಲಾಗುವವರೆಗೆ ಏಳುವುದಿಲ್ಲ.

ಮನಸ್ಸಿಗೆ ಕಷ್ಟವಾದಾಗ ಹಚ್ಚು ಎಂದು ನೀನು ಹೇಳಿದ್ದ 14416 ನಂಬರಿಗೆ ನಿನ್ನೆ ಫೋನ್ ಹಚ್ಚಿದೆ. ಒಬ್ಬ ಹೆಂಗಸು ಕನ್ನಡದಲ್ಲೇ, ಸಮಾಧಾನವಾಗಿ ಹೇಳಿ ಅಂದಳು. ನಾನು ಕಟ್ ಮಾಡಿದೆ.

ನೇರವಾಗಿ ಕೇಳು ಎನ್ನುತ್ತಾಳೆ ನಿಲ್ಮಿಣಿ ಅಕ್ಕ. ಅವರ ಮಾತಿನಲ್ಲಿ ಅದಕ್ಕೆ ಶಬ್ದ ಇರಬಹುದು. ನಮ್ಮಲ್ಲಿ ಹಾಗೆ ಕೇಳಿದವರನ್ನು ನಾನು ನೋಡಿಲ್ಲ. ಕಾಂತೇಶನ ಸಾವನ್ನು ಬರೆದುಕೊಳ್ಳಲು ಬಂದ ಪೊಲೀಸರಿಗೆ ಹೊಟ್ಟೆನೋವು ತಾಳದೆ ಕುಡಿದ ಎಂದೆವು. ಎಲ್ಲರ ಮನೆಯಲ್ಲೂ ಹಾಗೇ ಹೇಳುತ್ತಾರೆ. ಅದಕ್ಕೂ ಮೊದಲು ಅವನು ದಿನಗಟ್ಟಲೆ ಹೊದ್ದು ಮಲಗಿದ್ದಾಗ ಓಣಿಯವರೆಲ್ಲ "ಏನಪಾ ಸಾಹೇಬ, ಇನ್ನೂ ಬೆಳಗಾಗಿಲ್ಲೇನು?" ಎಂದು ನಕ್ಕರು. ನಾವೂ ನಕ್ಕೆವು. ಅಕ್ಕ, ನೀನು ಅವಳನ್ನು ಕೇಳಿ ತಿಳಿಸು. ಮಗಳು ಅವ್ವನಿಗೆ ಇದನ್ನು ಯಾವ ಮಾತಿನಲ್ಲಿ ಕೇಳಬೇಕು? ಅವ್ವ ಈಗ ನನ್ನ ಎದುರಿಗೇ ಜೋಳ ಹಸನು ಮಾಡುತ್ತಿದ್ದಾಳೆ. ಯಾರಿಗೆ ಬರೆಯುತ್ತೀ ಎಂದು ಸಹ ಕೇಳಲಿಲ್ಲ.

ಶನಿವಾರ

ನಿನ್ನ ಉತ್ತರ ಬರುವವರೆಗೆ ತಡೆಯಲು ಆಗಲಿಲ್ಲ.

ನಿನ್ನೆ ಮುಂಜಾನೆ ಅಣ್ಣ ಪಂಪು ಬೆನ್ನಿಗೆ ಏರಿಸಿ ಬಾಗಿಲಲ್ಲಿ ನಿಂತಿದ್ದ. ಅವ್ವ ಟ್ರಂಕಿನ ಹತ್ತಿರ ಬಾಗಿದಳು. ನಾನು ಹೋಗಿ ಅವಳ ಕೈ ಹಿಡಿದೆ. ಹೇಗೆ ಬಾಯಿಗೆ ಬಂತೋ ಗೊತ್ತಿಲ್ಲ.

"ಅವ್ವಾ, ನಿನಗ ಸಾಯಬೇಕು ಅನಸ್ತೈತೇನ?"

ಮೊದಲು ನಕ್ಕಳು. "ಹುಚ್ಚಿ, ಮುಂಜಾನೆದ್ದು ಎಂಥಾ ಮಾತ ಇದು!" ಎಂದಳು. ಕೈ ಬಿಡಲಿಲ್ಲ ನಾನು. "ನಾಲಿಗಿ ಬಿದ್ದ ಹೋಗ್ಲಿ ನಿಂದು" ಎಂದು ಬೈದಳು. ಮತ್ತೆ ಕೇಳಿದೆ. ಆಗ ಅಲ್ಲೇ ನೆಲಕ್ಕೆ ಕೂತಳು. ಹೂಂ ಎಂದಳು.

"ದಿನಾ ಅನಸ್ತೈತಿ. ಭೀಮಶಿ ಸತ್ತಾನು ಅಂತ ಎಲ್ಲಾರೂ ಅಂಜಿದ್ರಿ. ನಾ ಸತ್ತೇನು ಅಂತ ಯಾರೂ ಅಂಜಲಿಲ್ಲ."

ಅಣ್ಣ ಪಂಪು ಇಳಿಸಿ ಬಂದು ಅವಳ ಕಾಲ ಹತ್ತಿರ ಕೂತ. ಮೂವರೂ ಅತ್ತೆವು. ಕಾಂತೇಶ ಹೋದಾಗಲೂ ಹೀಗೆ ಒಂದೇ ಕಡೆ ಕೂತು ಅತ್ತಿರಲಿಲ್ಲ.

ಆ ಟ್ರಂಕು ಇನ್ನೊಂದು ತಾಸೂ ಮನೆಯಲ್ಲಿ ಇರಬಾರದು ಎಂದೆ. ಕೆಲಸ ಹೋದೀತು ಎಂದು ಅಣ್ಣ ಅಂಜಿದ. ಆದರೂ ಹೊತ್ತ. ಮುದಕವ್ವನನ್ನು ಅವ್ವನ ಹತ್ತಿರ ಕೂಡಿಸಿ ನಾನೂ ಅಣ್ಣನ ಹಿಂದೆ ಹೋದೆ. ದುಂಡಪ್ಪ ಸಾಹುಕಾರರು ಕಟ್ಟೆಯ ಮೇಲೆ ಹಲ್ಲು ತಿಕ್ಕುತ್ತಿದ್ದರು.

"ಏ ಭೀಮಶಿ, ಇದನ್ಯಾಕೋ ಇಲ್ಲಿ ತಂದಿ? ನಮ್ಮ ಮನ್ಯಾಗ ಸಣ್ಣ ಹುಡುಗ್ರು ಅದಾವೋ ಮಾರಾಯಾ!"

ಅಣ್ಣ ನೆಲ ನೋಡಿದ. ಸಾಹುಕಾರರು ಮೊದಲಿನಿಂದಲೂ ಇದೇ ಮಾತು ಹೇಳುತ್ತ ಬಂದಿದ್ದರು, ನಾವು ಹೂಂ ಎನ್ನುತ್ತ ಬಂದಿದ್ದೆವು.

"ನಮ್ಮ ಮನ್ಯಾಗೂ ಮಂದಿ ಅದಾರ್ರಿ ಸಾಹುಕಾರ್ರ" ಎಂದೆ ನಾನು.

ಅವರು ಬಾಯಲ್ಲಿದ್ದ ನೀರು ಉಗುಳಿ, "ಅಬಬಬಾ! ಇದಕ್ಕ ಮಾತು ಬರತಾವಲ್ಲೋ! ನಾ ಮೂಕಿ ಅಂತ ತಿಳಿದಿದ್ದೆ" ಎಂದರು. ನಗಲೋ ಸಿಟ್ಟಾಗಲೋ ಎಂದು ಅವರಿಗೇ ತಿಳಿಯಲಿಲ್ಲ. ಕಡೆಗೆ ಹೊಲದ ಮೋಟರ್ ಮನೆಯಲ್ಲಿ ಇಡಿಸಿ ತಮ್ಮ ಕೀಲಿ ಹಾಕಿಸಿದರು. ಇವತ್ತು ಅಣ್ಣನನ್ನು ಕೆಲಸಕ್ಕೆ ಕರೆದಿಲ್ಲ. ನಾಳೆ ಕರೆಯುತ್ತಾರೋ ಇಲ್ಲವೋ.

ಬಂದು 14416ಕ್ಕೆ ಮತ್ತೆ ಹಚ್ಚಿ, ಫೋನನ್ನು ಅವ್ವನ ಮಡಿಲಲ್ಲಿ ಇಟ್ಟೆ. ಅದೇ ಹೆಂಗಸೋ ಬೇರೆಯವಳೋ, ಅವ್ವನನ್ನು ಅಮ್ಮ ಎಂದು ಕರೆದಳು. ಅವ್ವ ಹೆಚ್ಚು ಮಾತಾಡಲಿಲ್ಲ, ಆದರೆ ಕಟ್ ಮಾಡು ಎನ್ನಲೂ ಇಲ್ಲ. ಒಬ್ಬಳನ್ನೇ ಬಿಡಬೇಡಿ, ಮನಸ್ಸಿನ ಡಾಕ್ಟರಿಗೆ ತೋರಿಸಿ ಎಂದು ಆ ಹೆಂಗಸು ನನಗೆ ಹೇಳಿದಳು. ಮಂಗಳವಾರ ರಾಮದುರ್ಗದ ದವಾಖಾನೆಗೆ ಹೋಗುತ್ತೇವೆ.

ನಿನ್ನೆ ನೀನು ಫೋನ್ ಮಾಡಿದಾಗ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅವ್ವ ಕಣ್ಣಿನಲ್ಲೇ ಬೇಡ ಎಂದಳು. ದೂರದಲ್ಲಿ ಇರುವವಳ ಹೊಟ್ಟೆ ಯಾಕೆ ಉರಿಸಬೇಕು ಎನ್ನುತ್ತಾಳೆ. ನಾನೂ ಆರಾಮ ಎಂದೆ. ನೀನೂ ಆರಾಮ ಎಂದೆ. ನೀನು ಅಲ್ಲಿ ಖರೇ ಆರಾಮ ಇದ್ದೀಯಾ ಅಕ್ಕ?

ಇಷ್ಟೆಲ್ಲ ಆದ ಮೇಲೆ ಬದುಕಿದೆವು ಎಂದು ತಿಳಿಯಬೇಡ. ಅವ್ವ ಎರಡು ತುತ್ತು ಉಂಡು ಕೈ ತೊಳೆಯುತ್ತಾಳೆ. "ಗುಳಿಗಿ ನುಂಗಿದ್ರ ಕಾಂತೇಶ ಬರತಾನೇನು?" ಎಂದು ಕೇಳಿದಳು. ಅವಳು ಹಿತ್ತಿಲಿಗೆ ಹೋದರೂ ಹಿಂದೆ ಹೋಗುತ್ತೇನೆ. ಬಾವಿ ಕಂಡರೆ ಅಂಜುತ್ತೇನೆ, ಹಗ್ಗ ಕಂಡರೆ ಅಂಜುತ್ತೇನೆ. ಒಂದು ಟ್ರಂಕು ಹೊರಗೆ ಹಾಕಿದೆವು, ಊರನ್ನೇ ಹೊರಗೆ ಹಾಕಲು ಆಗುತ್ತದೆಯೇ? ನಿಲ್ಮಿಣಿ ಅಕ್ಕ ಕೇಳು ಎಂದಳು, ಕೇಳಿದೆ. ಹೂಂ ಎಂದ ಮೇಲೆ ಮುಂದೆ ಏನು ಎಂದು ಅವಳು ಹೇಳಿಲ್ಲ. ಮಗನನ್ನು ಕಳೆದುಕೊಂಡ ಮೇಲೆ ಅವಳ ಅವ್ವ ಹೇಗೆ ಉಳಿದಳು? ಯಾರು ಏನು ಹೇಳಿ ಉಣಿಸಿದರು? ಎಲ್ಲವನ್ನೂ ಕೇಳಿ, ಕನ್ನಡ ಮಾಡಿ ಕಳಿಸು. ಅವ್ವನಿಗೆ ಕೇಳಿಸುತ್ತೇನೆ. ಬೇಗ ಕಳಿಸು.

ಮತ್ತು ಒಂದು ಮಾತು ಅವಳಿಗೆ ಹೇಳು. ಕೀಲಿ ಹಾಕಿರಿ ಎಂದು ಬೇರೆಯವರಿಗೆ ಹೇಳುವಾಗ, ಕೀಲಿಕೈ ಯಾರಿಗೆ ಕೊಡುತ್ತೀರಿ ಎಂದೂ ಕೇಳಲಿ. ರೊಟ್ಟಿ ಕೇಂದ್ರದವರಿಗೆ ನಾನೂ ಇದನ್ನು ಹೇಳಿ ಕಳಿಸುತ್ತೇನೆ. ತೊರಗಲ್ಲಿನಿಂದ ಫೋನ್ ಮಾಡಿದ್ದವಳ ಮನೆಯಲ್ಲಿ ಕೀಲಿಕೈ ಯಾರ ಸೊಂಟದಲ್ಲಿ ಇದೆಯೋ.

ನಿನ್ನ ದಾರಿ ನೋಡುವ ತಂಗಿ,
ಭಾಗ್ಯಾ

ತಾ.ಕ.: ನೀನು ಇದನ್ನು ಓದುವ ಹೊತ್ತಿಗೆ ಮಂಗಳವಾರ ಮುಗಿದಿರುತ್ತದೆ. ರಾಮದುರ್ಗದ ದವಾಖಾನೆಯಲ್ಲಿ ಡಾಕ್ಟರಿಗೆ ತೋರಿಸುವ ಚೀಟಿ ಎರಡು ಮಾಡಿಸುತ್ತೇನೆ. ಒಂದು ಅವ್ವನ ಹೆಸರಿನಲ್ಲಿ, ಒಂದು ನನ್ನ ಹೆಸರಿನಲ್ಲಿ. ಅಣ್ಣನಿಗೆ ಇನ್ನೂ ಹೇಳಿಲ್ಲ. ಶುಕ್ರವಾರ ಫೋನ್ ಮಾಡಿದಾಗ ಅವ್ವನ ಜೊತೆ ಮಾತಾಡಿದ ಮೇಲೆ ಫೋನನ್ನು ನನಗೆ ಕೊಡಿಸು. ನಾನು ಆರಾಮ ಎಂದರೆ ನಂಬಬೇಡ, ಮತ್ತೆ ಕೇಳು.